ಕೊನೆಯಲ್ಲಿ ಕುದಿಸಲಾಗದ ಔಷಧಿ: ಚಿಕಿತ್ಸೆಗಾಗಿ ಮನುಷ್ಯನ ಜೀವಕೋಶ ಬೆಳೆಸುವ ಬಗೆ

ಇಂಜೆಕ್ಷನ್ ಬಾಟಲಿ ತುಂಬಿ ಮುಚ್ಚಳ ಬಿಗಿದ ಮೇಲೂ ಔಷಧಿ ಕಾರ್ಖಾನೆಯವರಿಗೆ ಇನ್ನೊಂದು ಅವಕಾಶ ಉಳಿದಿರುತ್ತದೆ. ಇಡೀ ಬಾಟಲಿಯನ್ನು ಆಟೋಕ್ಲೇವ್‌ಗೆ ಹಾಕಿ, 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕಾಲು ಗಂಟೆ ಬೇಯಿಸಬಹುದು. ಬಿಸಿ ತಾಳದ ಔಷಧಿಯಾದರೆ 0.22 ಮೈಕ್ರೋಮೀಟರ್ ರಂಧ್ರಗಳ ಫಿಲ್ಟರ್‌ನಲ್ಲಿ ಸೋಸಬಹುದು. ಸಿರಿಂಜ್, ಬ್ಯಾಂಡೇಜ್‌ಗಳಿಗೆ ಗಾಮಾ ಕಿರಣ ಇದೆ. ದಾರಿಯಲ್ಲಿ ಎಲ್ಲೋ ಒಂದು ಬ್ಯಾಕ್ಟೀರಿಯಾ ನುಸುಳಿದ್ದರೂ ಈ ಕೊನೆಯ ಬಾಗಿಲಲ್ಲಿ ಸಾಯುತ್ತದೆ, ಇಲ್ಲವೇ ಸಿಕ್ಕಿಬೀಳುತ್ತದೆ.

ಜೀವಕೋಶಕ್ಕೆ ಆ ಕೊನೆಯ ಬಾಗಿಲೇ ಇಲ್ಲ. ಬೇಯಿಸಿದರೆ ಅದೂ ಸಾಯುತ್ತದೆ. ಕಿರಣ ಹಾಯಿಸಿದರೆ ಬೆಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಸೋಸೋಣ ಅಂದರೆ ಕೋಶ ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಫಿಲ್ಟರ್ ಮೇಲೆ ಎರಡೂ ಒಟ್ಟಿಗೇ ಉಳಿಯುತ್ತವೆ. ಹಾಗಾಗಿ ರೋಗಿಯ ಮೈಗೆ ಸೇರುವ ಜೀವಕೋಶ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದು ಸಲವೂ ಕೆಟ್ಟಿರಬಾರದು. ಒಮ್ಮೆ ಕೆಟ್ಟರೆ ಸರಿಮಾಡುವ ಹಂತ ಮುಂದೆ ಬರುವುದಿಲ್ಲ. ಜೀವಕೋಶಗಳಿಂದ ಅಂಗಾಂಶ ಕಟ್ಟುವ ಟಿಶ್ಯೂ ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ ಕಾಣುವ ಉಡುಪು, ಬಾಗಿಲು, ಕಾಗದ, ಪರೀಕ್ಷೆಗಳ ರಾಶಿಗೆ ಮುಖ್ಯ ಕಾರಣ ಇದೇ.

ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕು? 2015ರಲ್ಲಿ ಜರ್ಮನಿಯ ಬೋಖುಮ್ ನಗರದ ಆಸ್ಪತ್ರೆಗೆ ಏಳು ವರ್ಷದ ಹುಡುಗನೊಬ್ಬ ಬಂದಿದ್ದ. ಜಂಕ್ಷನಲ್ ಎಪಿಡರ್ಮೊಲಿಸಿಸ್ ಬುಲ್ಲೋಸಾ ಎಂಬ ಆನುವಂಶಿಕ ಕಾಯಿಲೆ. ಈ ಕಾಯಿಲೆಯಲ್ಲಿ ಚರ್ಮದ ಮೇಲ್ಪದರವನ್ನು ಕೆಳಪದರಕ್ಕೆ ಅಂಟಿಸಿ ಹಿಡಿಯುವ ಪ್ರೋಟೀನ್ ಸರಿಯಾಗಿ ತಯಾರಾಗುವುದಿಲ್ಲ. ಸ್ವಲ್ಪ ಉಜ್ಜಿದರೂ ಚರ್ಮ ಕಿತ್ತು ಬರುತ್ತದೆ. ಹುಡುಗನ ಮೈಮೇಲಿನ ಬಹುಪಾಲು ಮೇಲ್ಚರ್ಮ ಹೋಗಿತ್ತು. ವೈದ್ಯರು ಅವನಲ್ಲಿ ಗುಳ್ಳೆ ಏಳದೆ ಉಳಿದಿದ್ದ ಜಾಗದಿಂದ 4 ಚದರ ಸೆಂಟಿಮೀಟರ್ ಚರ್ಮ ತೆಗೆದರು. ಇಟಲಿಯ ಮೊಡೆನಾದಲ್ಲಿ ಮಿಕೆಲೆ ಡಿ ಲೂಕಾ ಮತ್ತು ಗ್ರಾಜಿಯೆಲ್ಲಾ ಪೆಲ್ಲೆಗ್ರಿನಿ ಅವರ ತಂಡ ಆ ಚೂರಿನ ಕೋಶಗಳಿಗೆ ಸರಿಯಾದ ಜೀನ್ ಸೇರಿಸಿತು, ಬೆಳೆಸಿತು, ಹಾಳೆಗಳಾಗಿ ಮಾಡಿ ಕಳಿಸಿತು. ಒಟ್ಟು ಸುಮಾರು 0.85 ಚದರ ಮೀಟರ್. ಹುಡುಗನ ಮೈಯ ಶೇಕಡಾ 80ರಷ್ಟು ಭಾಗಕ್ಕೆ ಹೊಸ ಮೇಲ್ಚರ್ಮ ಬಂತು, ಅದು ನಿಂತಿತು. 2017ರಲ್ಲಿ ಈ ವರದಿ ಪ್ರಕಟವಾಯಿತು.

ಅಂಚೆಚೀಟಿಯಗಲದ ಚೂರಿನಿಂದ ಮೈತುಂಬ ಚರ್ಮ. ಇದನ್ನು ಓದಿದಾಗಲೆಲ್ಲ ನನಗೆ ಬರುವ ಪ್ರಶ್ನೆ ಒಂದೇ. ಆ ಹಾಳೆಗಳನ್ನು ಮಗುವಿನ ಮೈಮೇಲೆ ಹರಡುವ ಮೊದಲು, ಇವು ಸರಿಯಾಗಿವೆ ಅಂತ ಯಾರೋ ಒಬ್ಬರು ಸಹಿ ಹಾಕಿರುತ್ತಾರೆ ಅಲ್ವಾ? ಯಾವ ಧೈರ್ಯದ ಮೇಲೆ ಆ ಸಹಿ ಬೀಳುತ್ತದೆ?

ಮೊದಲು ಕೋಶ ಬೆಳೆಯುವುದು ಹೇಗೆ ಅಂತ ಹತ್ತಿರದಿಂದ ನೋಡೋಣ.

ಚರ್ಮದ ಚೂರನ್ನು ಸಣ್ಣಗೆ ಕತ್ತರಿಸಿ, ಕೋಶಗಳನ್ನು ಹಿಡಿದಿಟ್ಟಿರುವ ಪ್ರೋಟೀನ್ ಅಂಟನ್ನು ಕರಗಿಸುವ ಕಿಣ್ವದಲ್ಲಿ ನೆನೆಸುತ್ತಾರೆ. ಕೋಶಗಳು ಒಂದೊಂದಾಗಿ ಬಿಡಿಬಿಡಿಯಾಗುತ್ತವೆ. ಅವನ್ನು ಚಪ್ಪಟೆ ಪ್ಲಾಸ್ಟಿಕ್ ಫ್ಲಾಸ್ಕ್‌ನಲ್ಲಿ ಬಿತ್ತುತ್ತಾರೆ. ಮೇಲೆ ಸಕ್ಕರೆ, ಅಮೈನೋ ಆಮ್ಲ, ಲವಣ, ಬೆಳವಣಿಗೆಯ ಪ್ರೋಟೀನ್‌ಗಳಿರುವ ಗುಲಾಬಿ ಬಣ್ಣದ ದ್ರವ. ಇದನ್ನು ಮೀಡಿಯಾ ಅಂತಾರೆ. 37 ಡಿಗ್ರಿ ಶಾಖ, ಶೇಕಡಾ 5ರಷ್ಟು ಇಂಗಾಲದ ಡೈ ಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಫ್ಲಾಸ್ಕ್ ಮಲಗುತ್ತದೆ. ಮಾರನೇ ದಿನ ಮೈಕ್ರೋಸ್ಕೋಪ್ ಅಡಿ ಇಟ್ಟರೆ ದುಂಡಗೆ ತೇಲುತ್ತಿದ್ದ ಕೋಶಗಳು ತಳಕ್ಕೆ ಅಂಟಿ, ಮೈಚಾಚಿ ಮಲಗಿರುತ್ತವೆ. ಕೆಲವು ದಿನಗಳಲ್ಲಿ ಒಂದರ ಅಂಚು ಇನ್ನೊಂದಕ್ಕೆ ತಾಗುತ್ತದೆ. ದ್ರವದಲ್ಲಿರುವ ಫೀನಾಲ್ ರೆಡ್ ಎಂಬ ಬಣ್ಣ, ಕೋಶಗಳು ಹೊರಬಿಡುವ ಆಮ್ಲದಿಂದ ನಿಧಾನವಾಗಿ ಕಿತ್ತಳೆಯತ್ತ ತಿರುಗುತ್ತದೆ. ಒಂದೇ ರಾತ್ರಿಯಲ್ಲಿ ಹಳದಿಯಾಗಿ ಮಬ್ಬಾಗಿದ್ದರೆ ಒಳಗೆ ಬ್ಯಾಕ್ಟೀರಿಯಾ ಸೇರಿದೆ ಅಂತ ಅನುಭವಸ್ಥರು ದೂರದಿಂದಲೇ ಹೇಳುತ್ತಾರೆ.

ಜಾಗ ತುಂಬುತ್ತಾ ಬಂದಾಗ, ಹದ ನೋಡಿ, ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಎಬ್ಬಿಸಬೇಕು. ಚಾಚಿಕೊಂಡಿದ್ದ ಕೋಶ ಕೈಕಾಲು ಒಳಗೆಳೆದುಕೊಂಡು ಮುತ್ತಿನಂತೆ ದುಂಡಗಾಗುತ್ತದೆ. ಫ್ಲಾಸ್ಕ್ ಬದಿಗೆ ಮೆಲ್ಲಗೆ ತಟ್ಟಿದರೆ ತಳ ಬಿಟ್ಟು ತೇಲುತ್ತದೆ. ಒಂದು ನಿಮಿಷ ಬೇಗ ಆದರೆ ಏಳುವುದಿಲ್ಲ, ತಡವಾದರೆ ಕಿಣ್ವ ಕೋಶದ ಹೊರಮೈಯನ್ನೇ ತಿನ್ನಲು ಶುರುಮಾಡುತ್ತದೆ. ಎದ್ದ ಕೋಶಗಳನ್ನು ಹಲವು ಹೊಸ ಫ್ಲಾಸ್ಕ್‌ಗಳಿಗೆ ಹಂಚುತ್ತಾರೆ. ಸಸಿಮಡಿಯಿಂದ ಕಿತ್ತು ಗದ್ದೆಗೆ ನಾಟಿ ಮಾಡಿದ ಹಾಗೆ. ಇದಕ್ಕೆ ಪ್ಯಾಸೇಜ್ ಅಂತ ಹೆಸರು. ಕೋಶ ಹತ್ತು ಸಲ ಇಮ್ಮಡಿಯಾದರೆ ಸಾವಿರ ಪಟ್ಟು, ಇಪ್ಪತ್ತು ಸಲವಾದರೆ ಹತ್ತು ಲಕ್ಷ ಪಟ್ಟು. ಲೆಕ್ಕ ಸುಲಭ. ಆದರೆ ಕೋಶಕ್ಕೂ ಆಯುಸ್ಸಿದೆ. ಮನುಷ್ಯನ ಸಾಮಾನ್ಯ ಕೋಶಗಳು 40ರಿಂದ 60 ಸಲ ಇಮ್ಮಡಿಯಾಗಿ ನಿಂತುಬಿಡುತ್ತವೆ ಅಂತ 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ತೋರಿಸಿದರು. ಆ ಮಿತಿ ಹತ್ತಿರವಾದಂತೆ ಕೋಶ ಮುದಿಯಾಗುತ್ತದೆ, ಅಗಲವಾಗುತ್ತದೆ, ಕೆಲಸ ಮರೆಯುತ್ತದೆ. ಅದಕ್ಕೇ ಚಿಕಿತ್ಸೆಗೆ ಬೆಳೆಸುವವರು ಇಂತಿಷ್ಟೇ ಪ್ಯಾಸೇಜ್ ಅಂತ ಮೊದಲೇ ಗೆರೆ ಎಳೆದಿರುತ್ತಾರೆ.

ಚರ್ಮದ ಕೋಶಗಳನ್ನು ಹೀಗೆ ಮತ್ತೆ ಮತ್ತೆ ಬೆಳೆಸುವ ದಾರಿ ಸಿಕ್ಕಿದ್ದು 1975ರಲ್ಲಿ. ಅಮೆರಿಕದಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಒಂದು ಉಪಾಯ ಹುಡುಕಿದರು. ಕಿರಣ ಹಾಯಿಸಿ ಬೆಳವಣಿಗೆ ನಿಲ್ಲಿಸಿದ ಇಲಿಯ ಕೋಶಗಳನ್ನು ಫ್ಲಾಸ್ಕ್ ತಳದಲ್ಲಿ ಹಾಸಿ, ಅದರ ಮೇಲೆ ಮನುಷ್ಯನ ಕೋಶ ಬಿತ್ತುವುದು. ಇಲಿಯ ಕೋಶಗಳು ತಾವು ಬೆಳೆಯದೆ ದಾದಿಯ ಹಾಗೆ ಇವನ್ನು ಸಾಕುತ್ತವೆ. 1980ರ ದಶಕದ ಶುರುವಿನಲ್ಲೇ ಸುಟ್ಟಗಾಯದ ರೋಗಿಗಳಿಗೆ ಇಂಥ ಹಾಳೆಗಳನ್ನು ಹಾಕಿದರು. ಮೈಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಸುಟ್ಟವರಿಗೆ ಕಸಿ ಮಾಡಲು ತಮ್ಮದೇ ಚರ್ಮ ಸಾಕಷ್ಟು ಉಳಿದಿರುವುದಿಲ್ಲ. ಅಂಥವರಿಗೆ ಇದು ಪ್ರಾಣ ಉಳಿಸುವ ಹಾಳೆ.

ರೋಗಿಗೆ ಕೊಡುವಷ್ಟು ಸುರಕ್ಷಿತವೇ ಎಂಬ ಪ್ರಶ್ನೆಗಳೂ ಇಲ್ಲಿಂದಲೇ ಶುರು. ಇಲಿಯ ಕೋಶದಲ್ಲಿ ಇಲಿಯ ವೈರಸ್ ಇದ್ದರೆ? ಈ ದಾರಿಯಲ್ಲಿ ತಯಾರಾಗುವ ಎಪಿಸೆಲ್ ಎಂಬ ಚರ್ಮ ರೋಗಿಯ ಸ್ವಂತ ಕೋಶದಿಂದಲೇ ಬೆಳೆದದ್ದು. ಆದರೂ ಇಲಿಯ ಕೋಶದ ಸಹವಾಸ ಇರುವುದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಪ್ರಾಣಿಯಿಂದ ಬಂದ ಕಸಿಯ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ಆ ಇಲಿಯ ಕೋಶಗಳಿಗೂ ಪ್ರತ್ಯೇಕ ಸಂಗ್ರಹ, ಪ್ರತ್ಯೇಕ ವೈರಸ್ ಪರೀಕ್ಷೆ, ಪ್ರತ್ಯೇಕ ದಾಖಲೆ.

ಕೋಶ ಕುಡಿಯುವ ದ್ರವದ್ದೂ ಇದೇ ಕಥೆ. ದಶಕಗಳ ಕಾಲ ಮೀಡಿಯಾಕ್ಕೆ ಶೇಕಡಾ 10ರಷ್ಟು ಬೆರೆಸುತ್ತಿದ್ದದ್ದು ಹಸುವಿನ ಭ್ರೂಣದ ರಕ್ತದಿಂದ ತೆಗೆದ ಸೀರಮ್. ಕೋಶಕ್ಕೆ ಇದಕ್ಕಿಂತ ಇಷ್ಟವಾದದ್ದು ಸಿಗುವುದು ಕಷ್ಟ. ಆದರೆ ಇದರಲ್ಲಿ ಏನೇನಿದೆ ಅಂತ ಪೂರ್ತಿ ಯಾರೂ ಪಟ್ಟಿ ಮಾಡಿಲ್ಲ, ಒಂದು ಬ್ಯಾಚ್ ಇನ್ನೊಂದರ ಹಾಗಿರುವುದಿಲ್ಲ. ಹುಚ್ಚು ಹಸು ರೋಗ ಕಾಣಿಸಿಕೊಂಡ ಮೇಲೆ ಹೆದರಿಕೆ ಇನ್ನೂ ಹೆಚ್ಚಿತು, ಯಾಕೆಂದರೆ ಆ ರೋಗ ತರುವ ಪ್ರಿಯಾನ್ ಎಂಬ ಪ್ರೋಟೀನ್ ಫಿಲ್ಟರ್‌ಗೂ ಸಿಗುವುದಿಲ್ಲ, ಮಾಮೂಲಿ ಶಾಖಕ್ಕೂ ಬಗ್ಗುವುದಿಲ್ಲ. ಹಾಗಾಗಿ ಆ ರೋಗ ಕಾಣಿಸದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೀರಮ್‌ಗೆ ಬೇಡಿಕೆ ಬಂತು. ಇನ್ನೊಂದು ಸೂಕ್ಷ್ಮ ಅಂಶವೂ ಇದೆ. ಬಹುತೇಕ ಸಸ್ತನಿಗಳ ಕೋಶದ ಹೊರಮೈಮೇಲೆ ಇರುವ ನ್ಯೂ5ಜಿಸಿ ಎಂಬ ಸಕ್ಕರೆಯನ್ನು ಮನುಷ್ಯನ ಕೋಶ ತಯಾರಿಸುವುದಿಲ್ಲ. ಆದರೆ ಪ್ರಾಣಿಯ ಸೀರಮ್‌ನಲ್ಲಿ ಬೆಳೆಸಿದರೆ ಅದನ್ನು ಹೀರಿಕೊಂಡು ತನ್ನ ಮೈಗೆ ಹಚ್ಚಿಕೊಳ್ಳುತ್ತದೆ. ನಮ್ಮ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳಿರುತ್ತವೆ. ನಮ್ಮದೇ ಕೋಶ ಪರಕೀಯ ವೇಷದಲ್ಲಿ ಮನೆಗೆ ಮರಳಿದ ಹಾಗೆ. ಈಗ ಮನುಷ್ಯರ ಪ್ಲೇಟ್‌ಲೆಟ್‌ಗಳಿಂದ ತೆಗೆದ ರಸ, ಇಲ್ಲವೇ ಪ್ರತಿ ಅಂಶವೂ ಗೊತ್ತಿರುವ ಸೀರಮ್ ಇಲ್ಲದ ಮೀಡಿಯಾ ಬಳಕೆ ಹೆಚ್ಚುತ್ತಿದೆ. ಹಂದಿಯಿಂದ ಬರುತ್ತಿದ್ದ ಟ್ರಿಪ್ಸಿನ್ ಬದಲು ಸೂಕ್ಷ್ಮಜೀವಿಗಳಲ್ಲಿ ತಯಾರಿಸಿದ ಕಿಣ್ವ ಬಂದಿದೆ.

ಇನ್ನು ಕೋಣೆ. ಕ್ಲೀನ್ ರೂಮ್ ಅಂದರೆ ಚೆನ್ನಾಗಿ ಒರೆಸಿದ ಕೋಣೆ ಅಂತ ಸುಮ್ನೆ ಅಂದುಕೊಂಡರೆ ತಪ್ಪು. ಅಲ್ಲಿ ಅಳೆಯುವುದು ಗಾಳಿಯನ್ನು. ಜಿಎಂಪಿ ಎಂಬ ಉತ್ತಮ ತಯಾರಿಕಾ ನಿಯಮದಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ. ಫ್ಲಾಸ್ಕ್ ಮುಚ್ಚಳ ತೆರೆಯುವ ಜಾಗ ಎ ದರ್ಜೆಯದ್ದಾಗಿರಬೇಕು. ಅಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 0.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 3,520 ದಾಟಬಾರದು. ಕೇಳಲು ದೊಡ್ಡ ಸಂಖ್ಯೆ ಅನಿಸಬಹುದು. ಮಾಮೂಲಿ ಕೋಣೆಯ ಅಷ್ಟೇ ಗಾಳಿಯಲ್ಲಿ ಇಂಥ ಕಣಗಳು ಲಕ್ಷಗಟ್ಟಲೆ, ಕೋಟಿಗಟ್ಟಲೆ ಇರುತ್ತವೆ. ಫಿಲ್ಟರ್ ಆದ ಗಾಳಿ ಒಂದೇ ದಿಕ್ಕಿಗೆ, ಪರದೆಯ ಹಾಗೆ ಹರಿಯುತ್ತಿರಬೇಕು. ಒಳಗಿನ ಕೋಣೆಯ ಒತ್ತಡ ಹೊರಗಿನದಕ್ಕಿಂತ ಜಾಸ್ತಿ ಇರಬೇಕು. ಬಾಗಿಲು ತೆರೆದಾಗ ಗಾಳಿ ಒಳಗಿನಿಂದ ಹೊರಗೆ ಹೋಗಬೇಕೇ ಹೊರತು ಹೊರಗಿನದು ಒಳಗೆ ಬರಬಾರದು.

ಈ ಕೋಣೆಯಲ್ಲಿ ಅತಿ ಹೆಚ್ಚು ಕೊಳೆ ತರುವುದು ಮನುಷ್ಯನೇ. ನಾವು ನಿಂತಲ್ಲೇ ಚರ್ಮದ ಹೊಟ್ಟು ಉದುರಿಸುತ್ತಿರುತ್ತೇವೆ, ಅದರ ಜೊತೆ ಬ್ಯಾಕ್ಟೀರಿಯಾಗಳೂ ಉದುರುತ್ತವೆ. ಅದಕ್ಕೇ ಕಣ್ಣು ಸಹ ಮುಚ್ಚುವ ಉಡುಪು, ಎರಡು ಜೋಡಿ ಗ್ಲೌಸ್, ನಿಧಾನವಾದ ಚಲನೆ. ಕೈಯನ್ನು ತೆರೆದ ಫ್ಲಾಸ್ಕ್ ಮೇಲೆ ಹಾಯಿಸುವಂತಿಲ್ಲ. ಕೆಲಸ ಮುಗಿದ ಮೇಲೆ ಗ್ಲೌಸ್‌ನ ಐದೂ ಬೆರಳುಗಳನ್ನು ಬ್ಯಾಕ್ಟೀರಿಯಾಕ್ಕೆ ಆಹಾರವಿರುವ ಅಗರ್ ಎಂಬ ಜೆಲ್ಲಿಯ ತಟ್ಟೆಯ ಮೇಲೆ ಮೆಲ್ಲಗೆ ಒತ್ತುತ್ತಾರೆ. ತಟ್ಟೆಯನ್ನು ಕೆಲವು ದಿನ ಬೆಚ್ಚಗಿಟ್ಟು ನೋಡಿದಾಗ ಅಲ್ಲಿ ಒಂದೇ ಒಂದು ಚುಕ್ಕೆ ಎದ್ದರೂ ತನಿಖೆ ಶುರುವಾಗುತ್ತದೆ. ನನಗೆ ಬಹಳ ಇಷ್ಟವಾದ ಪದ್ಧತಿ ಇನ್ನೊಂದಿದೆ. ಕೋಶವೇ ಇಲ್ಲದೆ, ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವ ದ್ರವವನ್ನೇ ಬಳಸಿ ಇಡೀ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಮಾಡಿ ತೋರಿಸಬೇಕು. 14 ದಿನ ಕಾದರೂ ಆ ದ್ರವ ತಿಳಿಯಾಗೇ ಉಳಿದರೆ ಮಾತ್ರ ಆ ವ್ಯಕ್ತಿಗೆ ರೋಗಿಯ ಕೋಶ ಮುಟ್ಟುವ ಅಧಿಕಾರ. ಕೈಚಳಕವನ್ನು ಮಾತಲ್ಲಿ ನಂಬದೆ ಹೀಗೆ ಪರೀಕ್ಷಿಸುವುದು ನ್ಯಾಯವಾದದ್ದು.

ಇಷ್ಟಾದರೂ ಕಣ್ಣಿಗೆ ಬೀಳದ ಕಳ್ಳನೊಬ್ಬ ಇದ್ದಾನೆ. ಅದು ಮೈಕೋಪ್ಲಾಸ್ಮಾ. ಬಹಳ ಪುಟ್ಟ ಬ್ಯಾಕ್ಟೀರಿಯಾ, ಕೋಶಭಿತ್ತಿ ಇಲ್ಲ. ಹಾಗಾಗಿ ಭಿತ್ತಿಯನ್ನೇ ಒಡೆಯುವ ಪೆನ್ಸಿಲಿನ್ ಅದಕ್ಕೆ ತಾಗುವುದಿಲ್ಲ, ಮೈ ಹಿಚುಕಿಕೊಂಡು 0.22 ಮೈಕ್ರೋಮೀಟರ್ ಫಿಲ್ಟರ್‌ನಲ್ಲೂ ನುಸುಳಬಲ್ಲದು. ದ್ರವ ಮಬ್ಬಾಗುವುದಿಲ್ಲ. ಕೋಶ ಸಾಯುವುದಿಲ್ಲ, ಸುಮ್ನೆ ಸೊರಗುತ್ತದೆ. ಹಳೆಯ ಪರೀಕ್ಷಾ ವಿಧಾನಕ್ಕೆ 28 ದಿನ ಬೇಕು. ಡಿಎನ್‌ಎಯ ಚೂರನ್ನು ನಕಲು ಮಾಡಿ ಪತ್ತೆಹಚ್ಚುವ ಪಿಸಿಆರ್ ಬಂದ ಮೇಲೆ ಗಂಟೆಗಳಲ್ಲಿ ಗೊತ್ತಾಗುತ್ತದೆ.

ಕೋಶ ಯಾರದ್ದು ಅನ್ನುವುದೂ ಪರೀಕ್ಷೆಯ ವಿಷಯವೇ. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ, ಬೇರೆಬೇರೆ ಅಂಗಗಳದ್ದು ಅಂತ ಜನ ನಂಬಿದ್ದ 18 ಕೋಶ ಸಾಲುಗಳು (ಪ್ರಯೋಗಾಲಯದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸುತ್ತಾ ಬಂದ ಕೋಶಗಳು) ಹೀಲಾ ಕೋಶಗಳೇ ಎಂಬುದಕ್ಕೆ ಸಾಕ್ಷ್ಯ ಮುಂದಿಟ್ಟರು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಕ್ಯಾನ್ಸರ್ ಗಡ್ಡೆಯಿಂದ, ಅವರ ಒಪ್ಪಿಗೆ ಕೇಳದೆ ತೆಗೆದ ಆ ಕೋಶಗಳು ಒಂದು ಹನಿಯಲ್ಲಿ ಹಾರಿ ಬೇರೆ ಫ್ಲಾಸ್ಕ್ ಸೇರಿದರೂ ಅಲ್ಲಿದ್ದವನ್ನು ಹಿಂದೆ ಹಾಕಿ ಬೆಳೆದುಬಿಡುತ್ತವೆ. ಅದು ಸಂಶೋಧನೆಯಲ್ಲಿ ಆದ ಎಡವಟ್ಟು. ಚಿಕಿತ್ಸೆಯಲ್ಲಿ ಒಬ್ಬರ ಕೋಶ ಇನ್ನೊಬ್ಬರಿಗೆ ಹೋದರೆ ಏನು ಗತಿ? ಅದಕ್ಕೇ ಒಂದು ಹೊತ್ತಿಗೆ ಒಂದು ಕ್ಯಾಬಿನೆಟ್‌ನಲ್ಲಿ ಒಬ್ಬರ ಕೋಶ ಮಾತ್ರ. ಹೊರಗೆ ಬಿಡುವ ಮೊದಲು ಇದು ಇವರದ್ದೇ ಅಂತ ಇನ್ನೊಮ್ಮೆ ಖಾತ್ರಿ.

ಶುಚಿಯಾಗಿದೆ, ಇವರದ್ದೇ ಅಂತಲೂ ಆಯಿತು. ಆದರೆ ಒಳಗೊಳಗೇ ಕೋಶ ಬದಲಾಗಿದ್ದರೆ? ಪ್ರತಿ ಸಲ ಇಬ್ಭಾಗವಾಗುವಾಗಲೂ ಡಿಎನ್‌ಎ ನಕಲಿನಲ್ಲಿ ತಪ್ಪಾಗಬಹುದು. ಬೇಗ ಬೆಳೆಯುವ ಗುಣ ಕೊಡುವ ತಪ್ಪು ಫ್ಲಾಸ್ಕ್‌ನಲ್ಲಿ ಗೆಲ್ಲುತ್ತದೆ, ಮತ್ತು ಕ್ಯಾನ್ಸರ್‌ಗೆ ದಾರಿ ಮಾಡುವ ತಪ್ಪುಗಳೂ ಬಹಳ ಸಲ ಅಂಥವೇ. 2014ರಲ್ಲಿ ಜಪಾನ್‌ನ ರಿಕೆನ್ ಸಂಸ್ಥೆಯ ಮಸಾಯೋ ತಕಹಾಶಿ ಅವರ ತಂಡ, ರೋಗಿಯ ಚರ್ಮದಿಂದಲೇ ಮಾಡಿದ ಐಪಿಎಸ್ ಕಾಂಡಕೋಶಗಳಿಂದ (ಯಾವ ಬಗೆಯ ಕೋಶವಾಗಿಯಾದರೂ ಬೆಳೆಯುವಂತೆ ಹಿಂದಕ್ಕೆ ತಿರುಗಿಸಿದ ಕೋಶಗಳು) ರೆಟಿನಾ ಹಾಳೆ ಬೆಳೆಸಿ ಕಣ್ಣಿಗೆ ಹಾಕಿತು. ಜಗತ್ತಿನಲ್ಲಿ ಅದೇ ಮೊದಲು. ಎರಡನೇ ರೋಗಿಯ ಕೋಶಗಳೂ ತಯಾರಾದವು. ಆದರೆ ಅವುಗಳ ಜೀನ್ ಓದಿದಾಗ ಮೂಲದಲ್ಲಿ ಇರದ ಬದಲಾವಣೆಗಳು ಕಂಡವು. ಅವು ಅಪಾಯ ತರುತ್ತವೆ ಅಂತ ಸಾಬೀತಾಗಿರಲಿಲ್ಲ. ಆದರೂ ತಂಡ ಶಸ್ತ್ರಚಿಕಿತ್ಸೆ ಮಾಡಲಿಲ್ಲ. ಕಾದು ಕುಳಿತ ರೋಗಿಗೆ ಬೇಡ ಅನ್ನುವುದು ಸುಲಭದ ಮಾತಲ್ಲ. ನನ್ನ ಮಟ್ಟಿಗೆ ಮೊದಲ ಶಸ್ತ್ರಚಿಕಿತ್ಸೆಯಷ್ಟೇ ದೊಡ್ಡ ಕೆಲಸ ಅದು.

ಇಷ್ಟು ಹೊತ್ತು ಮಾತಾಡಿದ್ದು ಕೋಶದಿಂದ ಕೆಡುಕಾಗಬಾರದು ಅಂತ. ಕೋಶದಿಂದ ಒಳಿತಾಗುತ್ತದೆ ಅಂತ ಮೊದಲೇ ಹೇಳುವುದು ಇದಕ್ಕಿಂತ ಕಷ್ಟ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಕಣ್ಣಿನದ್ದು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಅಂಚಿನಲ್ಲಿ ಲಿಂಬಸ್ ಎಂಬ ಸಣ್ಣ ಉಂಗುರವಿದೆ. ಕಾರ್ನಿಯಾದ ಮೇಲ್ಪದರಕ್ಕೆ ಹೊಸ ಕೋಶಗಳನ್ನು ಕೊಡುತ್ತಲೇ ಇರುವ ಕಾಂಡಕೋಶಗಳು ಇರುವುದು ಅಲ್ಲೇ. ಆಸಿಡ್ ಅಥವಾ ಸುಣ್ಣದಂಥದ್ದು ಬಿದ್ದು ಅದು ಸುಟ್ಟರೆ ಕಣ್ಣಿನ ಬಿಳಿಭಾಗದ ಪೊರೆ ಒಳಗೆ ಹರಿದು ನೋಟ ಮುಚ್ಚುತ್ತದೆ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಅದರ ಲಿಂಬಸ್‌ನಿಂದ ಒಂದೆರಡು ಚದರ ಮಿಲಿಮೀಟರ್ ಚೂರು ತೆಗೆದು ಬೆಳೆಸಿ ಹಾಕಬಹುದು. ಪೆಲ್ಲೆಗ್ರಿನಿ, ಡಿ ಲೂಕಾ ಮತ್ತು ಜೊತೆಗಾರರು 112 ರೋಗಿಗಳ ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಬೆಳೆಸಿದ ಹಾಳೆಗಳೆಲ್ಲ ನೋಡಲು ಒಂದೇ ಥರ ಇದ್ದವು. ಆದರೆ ಪಿ63 ಎಂಬ ಪ್ರೋಟೀನ್ ಗಾಢವಾಗಿ ಹೊಳೆಯುವ ಕಾಂಡಕೋಶಗಳು, ಹೊಸ ಗುಂಪು ಕಟ್ಟಬಲ್ಲ ಕೋಶಗಳಲ್ಲಿ ಶೇಕಡಾ 3ಕ್ಕಿಂತ ಜಾಸ್ತಿ ಇದ್ದಾಗ ಶೇಕಡಾ 78 ಕಸಿಗಳು ಗೆದ್ದವು. 3 ಅಥವಾ ಕಡಿಮೆ ಇದ್ದಾಗ ಗೆದ್ದದ್ದು ಶೇಕಡಾ 11 ಮಾತ್ರ. ಕೋಶ ಎಷ್ಟಿವೆ ಅನ್ನುವುದಕ್ಕಿಂತ ಆ ಬೆರಳೆಣಿಕೆಯ ಕೋಶಗಳು ಉಳಿದಿವೆಯೇ ಅನ್ನುವುದು ಮುಖ್ಯವಾಯಿತು. ಬೆಳೆಸುವಾಗ ಸ್ವಲ್ಪ ಅಜಾಗರೂಕರಾದರೂ ಕಾಂಡಕೋಶಗಳು ಮಾಮೂಲಿ ಕೋಶಗಳಾಗಿ ಕರಗಿಹೋಗುತ್ತವೆ, ಫ್ಲಾಸ್ಕ್ ಮಾತ್ರ ತುಂಬಿಯೇ ಕಾಣುತ್ತದೆ. 2015ರಲ್ಲಿ ಹೋಲೋಕ್ಲಾರ್ ಎಂಬ ಹೆಸರಲ್ಲಿ ಇದಕ್ಕೆ ಯೂರೋಪಿನ ಅನುಮತಿ ಸಿಕ್ಕಿತು. ಬೋಖುಮ್‌ನ ಹುಡುಗನ ಚರ್ಮದಲ್ಲೂ ಇದೇ ಕಂಡಿತು. ಹಾಕಿದ ಕೋಶಗಳ ಪೈಕಿ ಬಹುಪಾಲು ಕಾಲಕ್ರಮದಲ್ಲಿ ಉದುರಿಹೋದವು. ದೀರ್ಘಕಾಲ ಬದುಕುವ ಕೆಲವೇ ಕಾಂಡಕೋಶಗಳ ಸಂತತಿ ಇಡೀ ಚರ್ಮವನ್ನು ಹೊತ್ತು ನಿಂತಿತು.

ಕಾರ್ಟಿಲೇಜ್ ಅಂದರೆ ಮೆದು ಎಲುಬಿನ ಕೋಶ ಇನ್ನೊಂದು ಬಗೆಯ ತೊಂದರೆ ಕೊಡುತ್ತದೆ. ಗಟ್ಟಿ ಪ್ಲಾಸ್ಟಿಕ್ ಮೇಲೆ ಚಪ್ಪಟೆಯಾಗಿ ಬೆಳೆದರೆ ತಾನು ಯಾರೆಂದು ಮರೆತು ಗಾಯ ಮುಚ್ಚುವ ಸಾಮಾನ್ಯ ಕೋಶದಂತೆ ವರ್ತಿಸುತ್ತದೆ. ಮೂರು ಆಯಾಮದ ಜಾಲದಲ್ಲಿ ಕೂರಿಸಿದರೆ ನೆನಪು ಒಂದಷ್ಟು ಮರಳುತ್ತದೆ. ಅಮೆರಿಕದಲ್ಲಿ 2016ರ ಕೊನೆಗೆ ಅನುಮತಿ ಪಡೆದ ಮಾಸಿ ಎಂಬ ಚಿಕಿತ್ಸೆಯಲ್ಲಿ ರೋಗಿಯ ಮಂಡಿಯ ಕೋಶಗಳನ್ನು ಹಂದಿಯ ಕೊಲಾಜೆನ್ ಪೊರೆಯ ಮೇಲೆ ಬಿತ್ತಿ ಕೊಡುತ್ತಾರೆ.

ಚರ್ಮ, ಕಾರ್ನಿಯಾ, ಕಾರ್ಟಿಲೇಜ್. ಈ ಮೂರೇ ಯಾಕೆ ಮುಂದೆ ಬಂದವು ಅಂತ ಅನಿಸಿರಬಹುದು. ಆಮ್ಲಜನಕ ರಕ್ತನಾಳದಿಂದ ಅಂಗಾಂಶದೊಳಗೆ ಹರಡಬಲ್ಲ ದೂರ ಸುಮಾರು 100ರಿಂದ 200 ಮೈಕ್ರೋಮೀಟರ್. ಎರಡು ಕೂದಲೆಳೆಯ ದಪ್ಪ ಅನ್ನಿ. ತೆಳು ಹಾಳೆಗಳಿಗೆ, ಮೊದಲೇ ರಕ್ತನಾಳ ಇಲ್ಲದ ಕಾರ್ಟಿಲೇಜ್‌ಗೆ ಇದು ಅಡ್ಡಿಯಾಗುವುದಿಲ್ಲ. ಯಕೃತ್ತು, ಹೃದಯದಂಥ ದಪ್ಪ ಅಂಗಗಳಿಗೆ ಒಳಗೆ ನಾಳಗಳ ಜಾಲವನ್ನೂ ಕಟ್ಟಬೇಕು. ಅದು ಇನ್ನೂ ಬಿಡಿಸಬೇಕಾದ ಗಂಟು.

ಸಹಿಯ ಪ್ರಶ್ನೆಗೆ ಮರಳುತ್ತೇನೆ. ಬೆಳೆದ ಚರ್ಮದ ಹಾಳೆ ತಾಜಾ ಸ್ಥಿತಿಯಲ್ಲಿ ಬಾಳುವುದು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಬ್ಯಾಕ್ಟೀರಿಯಾ ಇಲ್ಲ ಅಂತ ಪೂರ್ತಿ ಹೇಳುವ ಮಾನ್ಯ ಪರೀಕ್ಷೆಗೆ 14 ದಿನ. ಪರೀಕ್ಷೆ ಮುಗಿಯುವವರೆಗೆ ಕಾದರೆ ಹಾಳೆ ಸತ್ತಿರುತ್ತದೆ. ಆದ್ದರಿಂದ ಸಹಿ ಹಾಕುವವರು ಕೈಯಲ್ಲಿರುವುದನ್ನು ನೋಡುತ್ತಾರೆ. ಬದುಕಿರುವ ಕೋಶಗಳ ಪ್ರಮಾಣ, ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾ ವಿಷದ ಪರೀಕ್ಷೆ, ಮೈಕೋಪ್ಲಾಸ್ಮಾ ಪಿಸಿಆರ್, ಬೆಳೆಸುವಾಗ ನಡುನಡುವೆ ತೆಗೆದ ಮಾದರಿಗಳ ಫಲಿತಾಂಶ, ಆ ದಿನದ ಗಾಳಿಯ ಕಣಗಳ ಲೆಕ್ಕ, ಗ್ಲೌಸ್ ಒತ್ತಿದ ತಟ್ಟೆಗಳು, ಪ್ರತಿ ಬಾಟಲಿಯ ಬ್ಯಾಚ್ ಸಂಖ್ಯೆ. ಇಷ್ಟರ ಮೇಲೆ ಹಾಳೆ ಆಸ್ಪತ್ರೆಗೆ ಹೊರಡುತ್ತದೆ. 14ನೇ ದಿನದ ಉತ್ತರ ಬರುವ ಹೊತ್ತಿಗೆ ಅದು ಮೈಗೆ ಅಂಟಿ ವಾರ ಕಳೆದಿರುತ್ತದೆ. ಉತ್ತರ ಕೆಟ್ಟದಾಗಿದ್ದರೆ ಯಾರು ಯಾರಿಗೆ ತಕ್ಷಣ ಫೋನ್ ಮಾಡಬೇಕು, ಯಾವ ಆ್ಯಂಟಿಬಯಾಟಿಕ್ ಕೊಡಬೇಕು ಅಂತ ಯೋಜನೆ ಮೊದಲೇ ಬರೆದಿಟ್ಟಿರುತ್ತದೆ.

ಆ ಕಡತ ಅಲ್ಲಿಗೆ ಮುಚ್ಚುವುದಿಲ್ಲ. ಯೂರೋಪಿನ ನಿಯಮದಂತೆ ಕೋಶ ಯಾರಿಂದ ಬಂತು, ಯಾವ ದ್ರವ ಕುಡಿಯಿತು, ಯಾರಿಗೆ ಹೋಯಿತು ಎಂಬ ದಾಖಲೆಯನ್ನು ಕನಿಷ್ಠ 30 ವರ್ಷ ಇಡಬೇಕು. ಏಳು ವರ್ಷದ ಮಗುವಿಗೆ ಹಾಕಿದ ಚರ್ಮವಾದರೆ, ಆ ಮಗುವಿಗೆ 37 ತುಂಬುವವರೆಗೆ.